ಕವಿ ಕೈಬಿಟ್ಟ ಲೇಖನಿ, ಮಳಖೇಡದ ಆತಿಥ್ಯ

ಸೇಡಂನಿಂದ ಬಂದ ಪತ್ರವೊಂದು ನಮ್ಮ ಮೇಜಿನ ಮೇಲೆ ಮೂರು ವಾರಗಳಿಂದ ಉತ್ತರವಿಲ್ಲದೆ ಬಿದ್ದಿತ್ತು. ಬರೆದವರು ನಮ್ಮ ಹಳೆಯ ವಿದ್ಯಾರ್ಥಿ. ಈಗ ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಾರೆ. ದಸರೆಯ ರಜೆಯಲ್ಲಿ ಮೂರು ದಿನಗಳ ಕಥಾಕಮ್ಮಟ ನಡೆಸಬೇಕು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಿಂದ ಮೂವತ್ತು ಜನ ಯುವಕ ಯುವತಿಯರನ್ನು ಕರೆಯಬೇಕು, ಅದರ ನಿರ್ದೇಶಕತ್ವವನ್ನು ತಾವೇ ವಹಿಸಬೇಕು ಎಂಬುದು ಅವರ ಬಿನ್ನಹ. ಅಕ್ಷರಗಳು ಇನ್ನೂ ಅದೇ ದುಂಡನೆಯ ಅಕ್ಷರಗಳು. ಕೊನೆಯಲ್ಲಿ 'ಇಲ್ಲ ಎನ್ನಬಾರದು' ಎಂದು ಎರಡು ಗೆರೆ ಎಳೆದಿದ್ದರು.

ಅದೇ ಮೇಜಿನ ಖಾನೆಯಲ್ಲಿ ಇನ್ನೊಂದು ವಸ್ತು ಬಿದ್ದಿತ್ತು. ಅದು ನಾವು ಬರೆಯತೊಡಗಿ ಅರವತ್ತೊಂದನೆಯ ಪುಟಕ್ಕೆ ನಿಲ್ಲಿಸಿದ ಒಂದು ಕಾದಂಬರಿಯ ಹಸ್ತಪ್ರತಿ. ಅದನ್ನು ಮುಟ್ಟದೆ ಒಂದೂವರೆ ವರ್ಷವಾಗಿತ್ತು. ನಮ್ಮ ಹೆಸರಿನಲ್ಲಿ ಈವರೆಗೆ ಮೂರು ಪುಸ್ತಕಗಳು ಅಚ್ಚಾಗಿವೆ. ಮೂರನೆಯದರ ಪ್ರತಿಗಳು ಅರ್ಧಕ್ಕಿಂತ ಹೆಚ್ಚು ಮಂಚದ ಕೆಳಗೇ ಇವೆ. ಮನೆಯವರು ಕಸ ಗುಡಿಸುವಾಗ ಅವುಗಳನ್ನು ಒಮ್ಮೆ ಈಚೆಗೆ, ಒಮ್ಮೆ ಆಚೆಗೆ ಸರಿಸುತ್ತಾರೆ. ಹೀಗಿರುವಾಗ ನಾಲ್ಕನೆಯದನ್ನು ಏತಕ್ಕೆ ಬರೆಯಬೇಕು? ತನ್ನದೇ ಬರಹದ ಮೇಲೆ ನೆಚ್ಚಿಕೆಯಿಲ್ಲದವನು ಮೂವತ್ತು ಜನ ಮಕ್ಕಳನ್ನು ಕೂಡಿಸಿಕೊಂಡು ಬರೆಯುವುದನ್ನು ಹೇಗೆ ಕಲಿಸಬೇಕು? ಇದೇ ನಮ್ಮ ಸಂಕಟ.

"ಬರತೀನಿ ಅನ್ರಿ, ಇಲ್ಲಾ ಬರಲ್ಲ ಅನ್ರಿ. ಮಂದಿನ್ನ ಹಿಂಗ ಕಾಯಸಬ್ಯಾಡ್ರಿ" ಎಂದು ನಮ್ಮ ಮನೆಯವರು ಒಂದು ದಿನ ಕಡ್ಡಿ ಮುರಿದಂತೆ ಹೇಳಿದರು. ಅವರು ಹೇಳಿದ್ದು ಸರಿಯೇ. ಆದರೆ ಆ ಪತ್ರಕ್ಕೆ ಉತ್ತರ ಬರೆಯಲಾಗದಿರುವುದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ನಾವು ಅವರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ಹದಿನೈದು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ನಡೆದ ಒಂದು ಶಿಬಿರಕ್ಕೆ ನಾವೇ ಮಾರ್ಗದರ್ಶಕರಾಗಿದ್ದೆವು. ಶಹಾಬಾದದಿಂದ ಒಬ್ಬ ತರುಣ ಬಂದಿದ್ದ. ತಂದೆ ತಾಯಿ ಇಬ್ಬರೂ ಫರಸಿ ಗಣಿಯಲ್ಲಿ ದುಡಿಯುವವರು. ಆತ ಓದಿದ ಕತೆ ಹನ್ನೊಂದು ಪುಟದ್ದು. ಕಲ್ಲು ಹೊರುವ ತಾಯಿಯೊಬ್ಬಳ ಕತೆ. ಓದಿ ಮುಗಿಸಿದ ಮೇಲೆ ನಾವು ವೇದಿಕೆಯ ಮೇಲಿನಿಂದ ಅದರ ದೋಷಗಳನ್ನು ಒಂದೊಂದಾಗಿ ಎಣಿಸಿದೆವು. ಕಾಲಗಳು ಕಲಸಿವೆ ಎಂದೆವು. ಆಡುಮಾತು ಗ್ರಂಥಭಾಷೆಯೊಡನೆ ಬೆರೆತು ಎರಡೂ ಕೆಟ್ಟಿವೆ ಎಂದೆವು. ಕೊನೆಯನ್ನು ಯಾವುದೋ ಚಲನಚಿತ್ರದಿಂದ ತಂದಂತಿದೆ ಎಂದಾಗ ಸಭೆ ನಕ್ಕಿತು. ಆ ನಗೆ ನಮ್ಮ ಜಾಣತನಕ್ಕೆ ಸಂದ ಮೆಚ್ಚುಗೆ ಎಂದು ನಾವು ಇನ್ನೆರಡು ಮಾತು ಸೇರಿಸಿದೆವು. ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಆತ ಇರಲಿಲ್ಲ. ಕೈಚೀಲವೂ ಇರಲಿಲ್ಲ. ಕುರ್ಚಿಯ ಮೇಲೆ ಕತೆಯ ನೋಟುಬುಕ್ಕು ಮಾತ್ರ ಉಳಿದಿತ್ತು. ಅದನ್ನು ಅಂಚೆಯಲ್ಲಿ ಕಳಿಸೋಣವೆಂದು ಮನೆಗೆ ತಂದೆವು, ಕಳಿಸಲಿಲ್ಲ. ಮೊದಲ ವರ್ಷ ಮರೆವು, ಆಮೇಲೆ ನಾಚಿಕೆ. ಅಂದಿನಿಂದ ಯಾವ ಶಿಬಿರಕ್ಕೆ ಕರೆದರೂ ಆರೋಗ್ಯದ ನೆವ ಹೇಳುತ್ತ ಬಂದೆವು.

ಓದುಗ ಬಂಧುಗಳಲ್ಲಿ ಕಮ್ಮಟ ಎಂಬ ಪದ ಹೊಸದೆನಿಸುವವರಿಗೆ ಒಂದು ಮಾತು. ಕಮ್ಮಟವೆಂದರೆ ನಾಣ್ಯಗಳಿಗೆ ಅಚ್ಚು ಒತ್ತುವ ಸ್ಥಳ, ಟಂಕಸಾಲೆ. ಬರಹಗಾರರು ಕೆಲವು ದಿನ ಒಂದೆಡೆ ಇದ್ದು ಓದಿ ಬರೆದು ಚರ್ಚಿಸುವ ಕೂಟಕ್ಕೆ ಈ ಹೆಸರು ಹೇಗೋ ಅಂಟಿಕೊಂಡಿದೆ. ಬಂದವರಿಗೆಲ್ಲ ಒಂದೇ ಮುದ್ರೆ ಒತ್ತಿ ಕಳಿಸುವ ಅಪಾಯ ಆ ಹೆಸರಿನಲ್ಲಿಯೇ ಇದೆ ಎಂದು ನಮಗೆ ಅನಿಸುವುದುಂಟು. ಮಲೆನಾಡಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ, ಇಂಥ ಕೂಟಗಳಿಗೆ ನಾಡಿನಲ್ಲಿ ಒಂದು ಘನತೆಯನ್ನು ತಂದುಕೊಟ್ಟಿತು. ಅಲ್ಲಿಯ ಸಂಸ್ಕೃತಿ ಶಿಬಿರಕ್ಕೆ ನಾವೂ ಒಮ್ಮೆ ಹೋಗಿದ್ದೆವು. ಉಪನ್ಯಾಸಗಳೆಲ್ಲ ಮರೆತುಹೋಗಿವೆ. ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತಾಗ ಅಪರಿಚಿತರೊಬ್ಬರು ಆಡಿದ ಮಾತುಗಳು ಇಂದಿಗೂ ನೆನಪಿವೆ.

ನಮ್ಮ ಅಳುಕನ್ನು ಬಲ್ಲ ಸ್ನೇಹಿತರು ಧೈರ್ಯ ಹೇಳದಿರಲಿಲ್ಲ. ಅವರು ತಪ್ಪದೆ ತೆಗೆಯುವ ಹೆಸರು ಫ. ಗು. ಹಳಕಟ್ಟಿಯವರದು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದವರು, ಮನೆ ಮಾರಿ ಮುದ್ರಣಾಲಯ ಕೊಂಡವರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದವರು, ಅವರು ಹೀಗೆ ಶಂಕಿಸುತ್ತ ಕುಳಿತಿದ್ದರೆ ವಚನಗಳ ಗತಿಯೇನಾಗುತ್ತಿತ್ತು ಎಂದು ಕೇಳುತ್ತಾರೆ. ಮಾತು ನಿಜ. ಆದರೆ ಬೆಟ್ಟವನ್ನು ತೋರಿಸಿ ನಡೆಯಲು ಹೇಳಿದರೆ ಕುಂಟನಿಗೆ ಬಲ ಬರುವುದಿಲ್ಲ. ಅಂಥ ಮಹನೀಯರ ಹೆಸರು ಕೇಳಿದಾಗಲೆಲ್ಲ ನಮ್ಮ ಅರವತ್ತೊಂದು ಪುಟಗಳು ಇನ್ನಷ್ಟು ತೆಳ್ಳಗಾದಂತೆ ತೋರುತ್ತಿದ್ದವು.

ಕಡೆಗೆ, ಪತ್ರದಲ್ಲಿ ಇಲ್ಲ ಎನ್ನುವುದಕ್ಕಿಂತ ಎದುರಿಗೆ ಹೋಗಿ ಇಲ್ಲ ಎಂದು ಬರುವುದೇ ಮರ್ಯಾದೆ ಎಂದುಕೊಂಡು ಕಲಬುರಗಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದೆವು. ಚೀಲದಲ್ಲಿ ಆ ನೋಟುಬುಕ್ಕೂ ಇತ್ತು. ಯಾಕೆ ಇಟ್ಟುಕೊಂಡೆವೋ ಆ ಹೊತ್ತಿಗೆ ನಮಗೇ ಸ್ಪಷ್ಟವಿರಲಿಲ್ಲ. ಶಹಾಬಾದ ನಿಲ್ದಾಣ ಬಂತು. ಹಳಿಯ ಆಚೆಗೆ ಫರಸಿ ಕಲ್ಲಿನ ಅಟ್ಟಿಗಳು ಕಂಡವು. ಇಳಿಯಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಮುಂಬಯಿಯ ಹಳಿ ಅಲ್ಲಿ ಕವಲೊಡೆದು ಒಂದು ರಾಯಚೂರಿನ ಕಡೆಗೆ, ಇನ್ನೊಂದು ಸಿಕಂದರಾಬಾದಿನ ಕಡೆಗೆ ಹೋಗುತ್ತದೆ. ಈ ಎರಡನೆಯದು ನಿಜಾಮರ ರಾಜ್ಯಕ್ಕಾಗಿ 1874ರಲ್ಲಿ ತೆರೆದ ಹಳಿ. ಚಿತ್ತಾಪುರ, ಮಳಖೇಡ, ಸೇಡಂ ಎಲ್ಲವೂ ಅದರ ಮೇಲೆಯೇ ಇವೆ.

ಚಿತ್ತಾಪುರ ದಾಟುವಾಗ ಪಕ್ಕದ ನಾಗಾವಿಯ ನೆನಪಾಯಿತು. ಅಲ್ಲಿಯ ಘಟಿಕಾಸ್ಥಾನದ 1058ರ ಶಾಸನವನ್ನು ನಮ್ಮ ಸೀಮೆಯ ಪ್ರತಿಯೊಬ್ಬ ಶಿಕ್ಷಕರೂ ಒಮ್ಮೆ ಓದಬೇಕು. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಕಲಿಸುವ ಉಪಾಧ್ಯಾಯರು, ಇವರೊಡನೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಇವರ ಜೀವನಕ್ಕೆ ಭೂಮಿಯನ್ನು ಬಿಟ್ಟ ವಿವರ ಅದರಲ್ಲಿದೆ. ಸಾವಿರ ವರ್ಷಗಳ ಹಿಂದೆ ಪುಸ್ತಕ ಕಾಯುವುದಕ್ಕೇ ಆರು ಜನ! ಇಂದು ನಮ್ಮ ಎಷ್ಟು ಶಾಲೆಗಳಲ್ಲಿ ಒಬ್ಬರಿದ್ದಾರೆ? ಅದಿರಲಿ. ಅಲ್ಲಿ ಯಾರು ಎಷ್ಟು ದೊಡ್ಡ ಪಂಡಿತರಾಗಿದ್ದರು ಎಂಬುದಕ್ಕಿಂತ, ಯಾರು ಏನು ಓದಬೇಕು, ಪುಸ್ತಕಗಳನ್ನು ಯಾರು ಕಾಯಬೇಕು, ಅವರ ಬದುಕು ಯಾವ ಹೊಲದಿಂದ ನಡೆಯಬೇಕು ಎಂಬುದೇ ಕಲ್ಲಿನ ಮೇಲೆ ಉಳಿದಿರುವುದು ನಮ್ಮ ಮನಸ್ಸಿನಲ್ಲಿ ನಿಂತಿತು.

ಮಳಖೇಡದಲ್ಲಿ ಇಳಿದುಬಿಟ್ಟೆವು. ಸೇಡಂ ಇನ್ನು ಸ್ವಲ್ಪವೇ ದೂರವಿತ್ತು. ಆದರೂ ಕಾಲು ತಡೆಯಲಿಲ್ಲ. ಸಿಮೆಂಟು ಕಾರ್ಖಾನೆಯ ಚಿಮಣಿಗಳನ್ನು ಹಿಂದೆ ಬಿಟ್ಟು ಕಾಗಿಣಾ ನದಿಯ ದಂಡೆಯ ಕೋಟೆಗೆ ಬಂದರೆ ಕಾಣುವುದು ಕುಸಿದ ಗೋಡೆ, ಜಾಲಿಯ ಪೊದೆ, ಮೇಯುವ ಆಡುಗಳು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಇದೇ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಅನುಮತದಿಂದ ಶ್ರೀವಿಜಯನು 'ಕವಿರಾಜಮಾರ್ಗ'ವನ್ನು ಬರೆದದ್ದು ಈ ಆಸ್ಥಾನದಲ್ಲಿ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದ ದೋಷಾದೋಷಗಳ ವಿಚಾರ. ಉಳಿದೆರಡು ಅಲಂಕಾರಗಳಿಗೆ ಮೀಸಲು. ಕಾಲೇಜಿನಲ್ಲಿ ಆ ಗ್ರಂಥವನ್ನು ವರ್ಷಗಟ್ಟಲೆ ಪಾಠ ಹೇಳಿದ ನಾವು ಆ ಶಿಬಿರದಲ್ಲಿ ಮೊದಲ ಪರಿಚ್ಛೇದದಲ್ಲಿಯೇ ನಿಂತುಬಿಟ್ಟಿದ್ದೆವು ಎಂದು ಆ ಕೋಟೆಯ ಕಟ್ಟೆಯ ಮೇಲೆ ಕುಳಿತಾಗ ಹೊಳೆಯಿತು.

ಆದರೆ ನಾವು ಅಲ್ಲಿಗೆ ಹೋದದ್ದು ನೃಪತುಂಗನಿಗಾಗಿ ಅಲ್ಲ, ಪುಷ್ಪದಂತನಿಗಾಗಿ. ನಮ್ಮ ನಿಂತುಹೋದ ಕಾದಂಬರಿಯ ನಾಯಕ ಆತನೇ.

ಪುಷ್ಪದಂತ ಬರೆದದ್ದು ಕನ್ನಡದಲ್ಲಿ ಅಲ್ಲ, ಅಪಭ್ರಂಶದಲ್ಲಿ. ಅಂತೆಯೇ ನಮ್ಮ ಮನೆಗಳಲ್ಲಿ ಪಂಪ, ಪೊನ್ನರ ಹೆಸರು ಕೇಳಿದವರು ಈತನ ಹೆಸರು ಕೇಳಿರುವುದು ವಿರಳ. ಹುಟ್ಟಿದ್ದು ಶೈವ ಬ್ರಾಹ್ಮಣ ಮನೆತನದಲ್ಲಿ, ಒಪ್ಪಿದ್ದು ಜೈನಧರ್ಮವನ್ನು. ತನ್ನನ್ನು 'ಅಭಿಮಾನಮೇರು' ಎಂದು ಕರೆದುಕೊಂಡ ಮಾನಿ. ತಾನು ಬಡಕಲು, ಕಪ್ಪು, ಕುರೂಪಿ ಎಂದು ತಾನೇ ಹೇಳಿಕೊಂಡ ನಿಸ್ಸಂಕೋಚಿ. 959ರಲ್ಲಿ, ಸಿದ್ಧಾರ್ಥಿ ಸಂವತ್ಸರದಲ್ಲಿ, ಮೂರನೆಯ ಕೃಷ್ಣನು ಆಳುತ್ತಿದ್ದಾಗ, ದೂರದ ದಾರಿ ನಡೆದು ದಣಿದು ಬಂದ ಈ ಕವಿ ಮಾನ್ಯಖೇಟದ ಒಳಗೆ ಬರದೆ ಊರ ಹೊರಗಿನ ತೋಪಿನಲ್ಲಿ ಮಲಗಿದ್ದ. ಇಬ್ಬರು ಬಂದು, ಇಷ್ಟು ದೊಡ್ಡ ಪಟ್ಟಣವಿರುವಾಗ ಇಲ್ಲೇಕೆ ಇದ್ದೀರಿ ಎಂದು ಕೇಳಿದರು. ದುರ್ಜನರ ಗಂಟುಮೋರೆ ನೋಡುವುದಕ್ಕಿಂತ ಕಾಡು ಗುಡ್ಡಗಳಲ್ಲಿ ಬಿದ್ದು ಸಾಯುವುದೇ ಲೇಸು ಎಂಬ ಅರ್ಥದ ಉತ್ತರ ಆತನಿಂದ ಬಂತು. ಅರಸರ ಸಹವಾಸದಿಂದ ಅಷ್ಟು ನೊಂದಿದ್ದ. ಆಗ ಅವರು ಮಂತ್ರಿ ಭರತನ ಗುಣವನ್ನು ಹೇಳಿ, ಒಪ್ಪಿಸಿ, ಆತನ ಮನೆಗೆ ಕರೆತಂದರು.

ಭರತ ಮಾಡಿದ್ದೇನು? ಸ್ನಾನ ಮಾಡಿಸಿದ, ಬಟ್ಟೆ ಕೊಟ್ಟ, ಒಳ್ಳೆಯ ಊಟ ಬಡಿಸಿದ. ಕೆಲವು ದಿನ ಸುಮ್ಮನೆ ಬಿಟ್ಟ. ಕಾವ್ಯದ ಮಾತು ತೆಗೆದದ್ದು ಆಮೇಲೆ. ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು ಒಂದು ಮಹಾಪುರಾಣವಾಗಿ ಬರೆಯಿರಿ ಎಂದು ಕೇಳಿಕೊಂಡಾಗ ಕವಿ ಕೂಡಲೇ ಒಪ್ಪಲಿಲ್ಲ. ಪ್ರವರಸೇನನ 'ಸೇತುಬಂಧ'ದಂಥ ಕಾವ್ಯವನ್ನೇ ನಿಂದಿಸುವ ಜನ ತನ್ನನ್ನು ಬಿಡುವರೇ ಎಂದು ಕೇಳಿದ. ಕಾವ್ಯದ ಆರಂಭದಲ್ಲಿ ತಾನು ಓದಿಲ್ಲದವರ ಒಂದು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾನೆ. ವ್ಯಾಸ, ಭಾಸ, ಕಾಳಿದಾಸ, ಭಾರವಿ, ಬಾಣ, ಸ್ವಯಂಭು ಯಾರನ್ನೂ ತಾನು ಅರಿಯೆನೆಂಬ ವಿನಯ ಅಲ್ಲಿದೆ. ಮೇರುವಿನಂಥ ಅಭಿಮಾನಿಯ ಒಳಗೆ ಇಂಥ ಅಳುಕು. ಈ ಎರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಎಂದು ಕೇಳುವವರು ಬಹುಶಃ ಎಂದೂ ಒಂದು ಪುಟವನ್ನು ಬರೆದು ಹರಿದು ಹಾಕಿರಲಾರರು.

ಅಂತೂ ಬರೆಯತೊಡಗಿದ. ಮೂವತ್ತೇಳು ಸಂಧಿಗಳು ಮುಗಿದವು, ಆದಿಪುರಾಣ ಪೂರ್ಣವಾಯಿತು. ಅಲ್ಲಿಗೆ ನಿಂತುಬಿಟ್ಟ.

ಏತಕ್ಕೆ ನಿಂತ? ಮನಸ್ಸು ಕೆಟ್ಟಿತು, ಉದ್ವೇಗ ಬಂತು ಎಂದು ಹೇಳಿ, ಆ ವಿಷಯವನ್ನು ಅಲ್ಲಿಗೇ ಬಿಡುತ್ತಾನೆ. ಮೂವತ್ತೆಂಟನೆಯ ಸಂಧಿಯ ಮೊದಲಲ್ಲಿ ಆ ದಿನಗಳ ಚಿತ್ರವಿದೆ. ಸರಸ್ವತಿ ಕನಸಿನಲ್ಲಿ ಬಂದು ಅರ್ಹಂತನಿಗೆ ನಮಿಸು ಎಂದಳಂತೆ. ಎಚ್ಚೆತ್ತು ನೋಡಿದರೆ ಯಾರೂ ಇಲ್ಲ. ಆಮೇಲೆ ಭರತನೇ ಕೈಮುಗಿದುಕೊಂಡು ಬಂದ. ಯಾಕೆ ಹೀಗೆ ಖಿನ್ನರಾಗಿದ್ದೀರಿ, ನನ್ನಿಂದೇನಾದರೂ ತಪ್ಪಾಯಿತೇ ಎಂದು ಕೇಳಿದ. ಈ ಬಾಳು ನಿಲ್ಲುವುದಲ್ಲ, ಒಲಿದು ಬಂದ ವಾಣಿಯನ್ನು ಬಳಸಬಾರದೇ ಎಂದು ಬೇಡಿಕೊಂಡ. ಕವಿಗೆ ಲೋಕದ ಮೇಲಿನ ಬೇಸರ ಆಗಲೂ ಹೋಗಲಿಲ್ಲ. ಜಗತ್ತು ದುರ್ಜನರಿಂದ ತುಂಬಿದೆ ಎಂಬ ಮಾತನ್ನು ಮತ್ತೆ ಹೇಳಿದ. ನಿಮ್ಮ ಹಣ ಬೇಡ, ನಿಮ್ಮ ಸ್ನೇಹವನ್ನು ಮಾತ್ರ ಮೀರಲಾರೆ ಎಂದು ಮತ್ತೆ ಬರೆಯಲು ಕುಳಿತ. 965ರಲ್ಲಿ, ಕ್ರೋಧನ ಸಂವತ್ಸರದಲ್ಲಿ, 102 ಸಂಧಿಗಳ ಮಹಾಪುರಾಣ ಮುಗಿಯಿತು. ಪಂಪ ತನ್ನ 'ಆದಿಪುರಾಣ'ವನ್ನು ಮೂರು ತಿಂಗಳಲ್ಲಿ, 'ವಿಕ್ರಮಾರ್ಜುನ ವಿಜಯ'ವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಹೇಳಿಕೊಂಡಿದ್ದಾನೆ. ಪುಷ್ಪದಂತನಿಗೆ ಆರು ವರ್ಷ ಹಿಡಿಯಿತು.

ಮುಂದಿನ ಕತೆ ಚಿಕ್ಕದು, ಕಠಿನವಾದದ್ದು. ಭರತನ ತರುವಾಯ ಆತನ ಮಗ ನನ್ನನು ಕವಿಯನ್ನು ಮನೆಯಲ್ಲಿಟ್ಟುಕೊಂಡ. ಇನ್ನೆರಡು ಕಾವ್ಯಗಳು ಆ ಮನೆಯಲ್ಲಿ ಹುಟ್ಟಿದವು. 972ರಲ್ಲಿ ಮಾಳವದ ಸೀಯಕ ಹರ್ಷನು ಮಾನ್ಯಖೇಟವನ್ನು ಸೂರೆಗೊಂಡ. ಪಟ್ಟಣ ಬೆಂದಿತು, ಇನ್ನು ಪುಷ್ಪದಂತ ಎಲ್ಲಿ ವಾಸಿಸಬೇಕು ಎಂಬ ಅರ್ಥದ ಪದ್ಯವೊಂದು ಕೆಲವು ಹಸ್ತಪ್ರತಿಗಳಲ್ಲಿ ಉಳಿದಿದೆ. ಅರಮನೆ ಹೋಯಿತು, ಭರತನ ಮನೆ ಎಲ್ಲಿತ್ತೆಂಬ ಗುರುತೂ ಇಲ್ಲ. ಮಹಾಪುರಾಣ ಉಳಿಯಿತು. ಪಿ. ಎಲ್. ವೈದ್ಯರು ಅದನ್ನು ಸಂಪಾದಿಸಿ 1937ರಿಂದ 1941ರೊಳಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ನಾಥೂರಾಮ ಪ್ರೇಮಿಯವರು ಹಿಂದಿಯಲ್ಲಿ ಕವಿಯ ಜೀವನವನ್ನು ಬರೆದರು. ನಾವು ಈತನನ್ನು ಅರಿತದ್ದು ಈ ವಿದ್ವಾಂಸರ ಮೂಲಕ.

ನಮ್ಮ ಹಸ್ತಪ್ರತಿ ನಿಂತಿರುವುದು ಮೂವತ್ತೇಳನೆಯ ಸಂಧಿಯ ಹತ್ತಿರವೇ. ಕವಿ ಬರೆಯುವುದನ್ನು ಬಿಟ್ಟ ದಿನವನ್ನು ಚಿತ್ರಿಸಲು ಹೋಗಿ ನಾವೂ ಬಿಟ್ಟೆವು. ಕಾರಣವನ್ನು ಕಲ್ಪಿಸಿ ತುಂಬಬೇಕೆಂದು ಎಷ್ಟು ಹೆಣಗಿದೆವು! ಆಸ್ಥಾನದ ಅಸೂಯೆ ಎಂದು ಬರೆದು ಹೊಡೆದು ಹಾಕಿದೆವು. ಕಾಯಿಲೆ ಎಂದು ಬರೆದು ಹೊಡೆದು ಹಾಕಿದೆವು. ಅಂದು ಕೋಟೆಯಲ್ಲಿ ಕುಳಿತಾಗ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಭರತನೂ ಕಾರಣವನ್ನು ಕೆದಕಲಿಲ್ಲ. ಕವಿಯ ಮೂವತ್ತೇಳು ಸಂಧಿಗಳಲ್ಲಿ ಏನು ತಪ್ಪಿದೆ ಎಂದು ಹೇಳಲಿಲ್ಲ, ಏನೂ ತಪ್ಪಿಲ್ಲ ಎಂದೂ ಹೇಳಲಿಲ್ಲ. ತಪ್ಪು ನನ್ನದೇನಾದರೂ ಇದೆಯೇ ಎಂದು ಕೇಳಿದ. ನಮ್ಮ ಚೀಲದಲ್ಲಿದ್ದ ನೋಟುಬುಕ್ಕು ಆಗ ಸ್ವಲ್ಪ ಭಾರವೆನಿಸಿತು.

ಸೇಡಂ ತಲುಪುವಾಗ ಸಂಜೆಯಾಗಿತ್ತು. ನಮ್ಮ ಶಿಷ್ಯರು ನಮ್ಮನ್ನು ಕಂಡು, "ಶರಣ್ರೀ ಗುರುಗಳ, ಪತ್ರಕ್ಕ ಉತ್ತರ ಇಲ್ಲ, ತಾವೇ ಬಂದ್ರಿ!" ಎಂದು ಹಿಗ್ಗಿದರು. ಇಲ್ಲ ಎನ್ನಲು ಬಂದೆವೆಂದು ಹೇಳಲು ಬಾಯಿ ಬರಲಿಲ್ಲ. ಮರುದಿನ ಬಸ್ಸಿನಲ್ಲಿ ಚಿಂಚೋಳಿಯ ಕಡೆಗೆ ಕರೆದುಕೊಂಡು ಹೋದರು. ಕಮ್ಮಟಕ್ಕೆ ಅಲ್ಲಿ ಒಂದು ಜಾಗ ನೋಡಿದ್ದರು. ಬಯಲು ಸೀಮೆಯ ತೊಗರಿ ಹೊಲಗಳೆಲ್ಲ ಹಿಂದಾಗಿ, 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಕಾಡು ಹತ್ತಿರವಾಗುವ ಆ ಪ್ರದೇಶ ನಮ್ಮ ಸೀಮೆಯದೇ ಎಂದು ನಂಬಲು ಹೊರಗಿನವರಿಗೆ ಕಷ್ಟ. ಜಾಗ ಎಂದರೆ ಒಂದು ಹಳೆಯ ಮನೆ. ದೊಡ್ಡ ಪಡಸಾಲೆ, ನೆಲಕ್ಕೆ ಶಹಾಬಾದಿ ಫರಸಿ, ಹಿತ್ತಲಲ್ಲಿ ಬಾವಿ. ಆ ಮೌನದಲ್ಲಿ ಕುಳಿತರೆ ಅರವತ್ತೆರಡನೆಯ ಪುಟ ತಾನೇ ಬರೆಸಿಕೊಳ್ಳುವುದೇನೋ ಎಂಬ ಆಸೆ ಹುಟ್ಟಿತು.

ಮನೆಯ ಯಜಮಾನತಿ, ಎಪ್ಪತ್ತು ದಾಟಿದ ತಾಯಿ, ನಮ್ಮ ಕಾದಂಬರಿಯ ಬಗ್ಗೆಯಾಗಲಿ ಕಮ್ಮಟದ ಉದ್ದೇಶದ ಬಗ್ಗೆಯಾಗಲಿ ಏನನ್ನೂ ಕೇಳಲಿಲ್ಲ. "ಮೂವತ್ತು ಮಂದಿ ಅಂದ್ರ ಹೊತ್ತಿಗೆ ನೂರು ರೊಟ್ಟಿ. ಹುಡುಗ್ರು ಹುಡುಗೇರು ಬ್ಯಾರೆ ಬ್ಯಾರೆ ಮಲಗಬೇಕು. ನಾ ಹುಡುಗೇರ ಕೋಣ್ಯಾಗ ಮಲಗತೀನಿ. ಬರೂದು ಎಂಟು ದಿನ ಮೊದಲ ಹೇಳ್ರಿ, ಜ್ವಾಳಾ ಬೀಸಸಬೇಕು" ಎಂದರು. ನಮ್ಮ ಶಿಷ್ಯರು ತಯಾರಿಸಿದ ನಾಲ್ಕು ಪುಟಗಳ ಯೋಜನೆಯಲ್ಲಿ ಹನ್ನೆರಡು ಗೋಷ್ಠಿಗಳಿದ್ದವು, ಉದ್ಘಾಟನೆ ಸಮಾರೋಪಗಳಿದ್ದವು. ಜೋಳ ಬೀಸಿಸುವ ಮಾತು ಇರಲಿಲ್ಲ.

ಹಿಂತಿರುಗುವಾಗ ಶಹಾಬಾದದಲ್ಲಿ ಇಳಿದೆವು. ನೋಟುಬುಕ್ಕಿನ ರಟ್ಟಿನ ಮೇಲೆ ಓಣಿಯ ಹೆಸರಿತ್ತು. ಇಬ್ಬರನ್ನು ಕೇಳಿ ಮುಂದೆ ಹೋದರೆ, ಆ ತರುಣ ಈಗ ನಲವತ್ತರ ಹತ್ತಿರದ ಗೃಹಸ್ಥ. ಫರಸಿಗೆ ಪಾಲಿಶ್ ಮಾಡುವ ಅಂಗಡಿಯಲ್ಲಿ ಕೆಲಸ. ಮೈಯೆಲ್ಲ ಬಿಳಿಯ ಧೂಳು. ನಮ್ಮನ್ನು ಗುರುತಿಸಿ ಕೈ ತೊಳೆದು ಬಂದು ಕುರ್ಚಿ ಹಾಕಿದರು. ನಾವು ನೋಟುಬುಕ್ಕನ್ನು ತೆಗೆದು ಕೊಟ್ಟೆವು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. "ಅವತ್ತು ನಮ್ಮಿಂದ ತಪ್ಪಾಯಿತು" ಎಂದಷ್ಟೇ ಅಂದೆವು.

"ನೆನಪದ್ರೀ ಗುರುಗಳ. ಅವತ್ತು ನಮ್ಮಪ್ಪಗ ಆರಾಮಿದ್ದಿಲ್ಲ, ಅದಕ್ಕ ಎದ್ದು ಬಂದೆ" ಎಂದರು. ಹದಿನೈದು ವರ್ಷಗಳ ಹೊರೆ ಇಳಿದಂತಾಯಿತು. ಅವರು ಪುಟ ತಿರುವುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆ, "ಅದು ಖರೆ ಅಲ್ರೀ. ಮನ್ಯಾಗ ಹಂಗಂತ ಹೇಳಿದ್ದೆ" ಎಂದರು.

ನಾವು ಏನೂ ಹೇಳಲಿಲ್ಲ. ಹೇಳಲು ಏನಿತ್ತು? ಒಂದು ಪುಟದ ಮೇಲೆ ಅವರ ಬೆರಳು ನಿಂತಿತು. ನಕ್ಕರು. "ಇಲ್ಲೊಂದು ತಪ್ಪದ ನೋಡ್ರಿ. ಕಲ್ಲ ಹೊರೂ ಹೆಣ್ಣಮಗಳು ಹಿಂಗ ನಿಂದ್ರಲ್ಲ್ರೀ. ಹಿಂಗ ನಿಂತ್ರ ನಡಾ ಮುರೀತದ. ನಮ್ಮವ್ವ ಕಾಲು ಅಗಲಿಸಿ, ಮೊದಲ ಉಸರು ಬಿಟ್ಟು, ಆಮ್ಯಾಲ ಏಳ್ತಿದ್ಲು. ಆಗ ನನಗ ಬರೀಲಿಕ್ಕ ತಿಳೀಲಿಲ್ಲ." ಅಂದು ವೇದಿಕೆಯ ಮೇಲಿನಿಂದ ನಾವು ಎಣಿಸಿದ ದೋಷಗಳಲ್ಲಿ ಇದು ಇರಲಿಲ್ಲ. ಆ ಕತೆಯಲ್ಲಿದ್ದ ನಿಜವಾದ ದೋಷ ಬಹುಶಃ ಇದೊಂದೇ. ಇದನ್ನು ಕಾಣುವ ಕಣ್ಣು ಅವರಿಗಿತ್ತು, ನಮಗಿರಲಿಲ್ಲ.

ಮತ್ತೆ ಬರೆದಿರಾ ಎಂದು ಕೇಳಿದೆವು. ಇಲ್ಲವೆಂದು ತಲೆಯಾಡಿಸಿದರು. ಮಗಳು ಪಿಯುಸಿ ಎರಡನೆಯ ವರ್ಷ ಓದುತ್ತಾಳೆ, ಏನೋ ಬರೆಯುತ್ತಾಳೆ, ಯಾರಿಗೂ ತೋರಿಸುವುದಿಲ್ಲ ಎಂದರು. ನಾವು ಅಳುಕುತ್ತಲೇ ಕಮ್ಮಟದ ವಿಷಯ ಹೇಳಿದೆವು. ಅವರು ಕೇಳಿದ ಪ್ರಶ್ನೆಗಳು ಇವು. ಹುಡುಗಿಯರು ಮಲಗುವುದು ಎಲ್ಲಿ? ಜೊತೆಗೆ ಹಿರಿಯ ಹೆಂಗಸರು ಯಾರಿರುತ್ತಾರೆ? ಚಿಂಚೋಳಿಯಿಂದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಎಲ್ಲದಕ್ಕೂ ಉತ್ತರ ನಮ್ಮಲ್ಲಿತ್ತು, ಆ ತಾಯಿಯ ದಯೆಯಿಂದ. ಕೊನೆಯದಾಗಿ, "ಓದಲೇಬೇಕೇನ್ರೀ, ಎಲ್ಲಾರ ಮುಂದ?" ಎಂದು ಕೇಳಿದರು. ಇದಕ್ಕೆ ಉತ್ತರ ನಾಲ್ಕು ಪುಟಗಳ ಯೋಜನೆಯಲ್ಲಿ ಇರಲಿಲ್ಲ. ಬೇಕಾಗಿಲ್ಲ ಎಂದೆವು. ಕೇಳಿ ನೋಡುತ್ತೇನೆ ಎಂದರು. ಬರುತ್ತಾಳೆ ಎನ್ನಲಿಲ್ಲ.

ಮನೆಗೆ ಬಂದ ರಾತ್ರಿಯೇ ಸೇಡಂಗೆ ಪತ್ರ ಬರೆದೆವು. ಹನ್ನೆರಡು ಗೋಷ್ಠಿಗಳಲ್ಲಿ ಏಳನ್ನು ಕಡಿಮೆ ಮಾಡಬೇಕು. ವೇದಿಕೆ ಬೇಡ, ಎಲ್ಲರೂ ಜಮಖಾನೆಯ ಮೇಲೆಯೇ ಕುಳಿತುಕೊಳ್ಳಲಿ. ಮೊದಲ ದಿನ ಯಾರೂ ಏನನ್ನೂ ಓದುವುದಿಲ್ಲ. ಊಟ, ವಿಶ್ರಾಂತಿ, ಕಾಡಿನಂಚಿನವರೆಗೆ ಒಂದು ನಡಿಗೆ. ಹಣದ ಪ್ರಶ್ನೆಯನ್ನೂ ಬರೆದೆವು, ಏಕೆಂದರೆ ಜೋಳವನ್ನು ಯಾರಾದರೂ ಕೊಟ್ಟಾರು, ಮೂವತ್ತು ಜನರ ಬಸ್ಸಿನ ಖರ್ಚನ್ನು ಕೊಡುವವರು ಬೇಕಲ್ಲ. ನಿರ್ದೇಶಕ ಎಂಬ ಪದವನ್ನು ಆಮಂತ್ರಣದಿಂದ ತೆಗೆಯಿರಿ ಎಂದೆವು. ಅದಕ್ಕೆ ಬದಲು ಯಾವ ಪದ ಹಾಕಬೇಕೆಂದು ತಿಳಿಯದೆ ಆ ಸಾಲನ್ನು ಅಲ್ಲಿಗೇ ಬಿಟ್ಟೆವು. ನಾವು ಮತ್ತೆ ಹಿಂದಿನಂತೆ ನಾಲಗೆಯನ್ನು ಹರಿಯಬಿಟ್ಟರೆ ನಮ್ಮ ಅಂಗಿಯ ತುದಿ ಹಿಡಿದು ಎಳೆಯಲು ಒಬ್ಬರನ್ನು ಪಕ್ಕದಲ್ಲಿ ಕೂರಿಸಬೇಕೆಂದು ಬರೆದದ್ದನ್ನು ಶಿಷ್ಯರು ವಿನೋದವೆಂದು ತಿಳಿದಿರಬಹುದು. ವಿನೋದವಲ್ಲ.

ಮನೆಯವರು ಪತ್ರವನ್ನು ಓದಿ, ಮೂವತ್ತು ಜನಕ್ಕೆ ಹೊದಿಕೆಗಳನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಅದನ್ನೂ 'ತಾ.ಕ.' ಎಂದು ಕೊನೆಗೆ ಸೇರಿಸಿದೆವು. ಖಾನೆಯಿಂದ ಹಸ್ತಪ್ರತಿಯನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದೇವೆ. ಭರತ ಕೈಮುಗಿದು ಬಾಗಿಲಲ್ಲಿ ನಿಂತಿರುವವರೆಗೆ ಬರೆಯಲಾಗಿದೆ, ಕವಿ ಇನ್ನೂ ತಲೆ ಎತ್ತಿಲ್ಲ. ಶಹಾಬಾದದಿಂದ ಪತ್ರ ಇನ್ನೂ ಬಂದಿಲ್ಲ.